ಹಳೇ ಹಾಟ್ ಹ್ಯಾಚ್‌ನ ಟ್ರ್ಯಾಕಿಗೆ ಇಳಿಸೋ ಮುಂಚೆ: ಪವರ್ ಆಮೇಲೆ, ಮೊದಲು ಬಿಸಿ ಲೆಕ್ಕ

ಹಾಟ್ ಹ್ಯಾಚ್ ಅಂದ್ರೆ ಚಿಕ್ಕ ಹ್ಯಾಚ್‌ಬ್ಯಾಕ್ ಕಾರಿನ ಜೋರು ಎಂಜಿನ್ನಿನ ಅವತಾರ. ರೋಡಲ್ಲಿ ನಾವು ಎಷ್ಟೇ ಜೋರಾಗಿ ಓಡಿಸ್ತೀವಿ ಅಂದ್ಕೊಂಡ್ರೂ ಗಾಡಿಗೆ ಅದು ಹೆಚ್ಚುಕಮ್ಮಿ ರೆಸ್ಟೇ. ನಂಬಿಕೆ ಬರಲ್ಲ ಅಂದ್ರೆ ಮುಂದಿನ ಸಲ ಓಡಿಸೋವಾಗ ಗಮನಿಸಿ, ಒಂದು ಗಂಟೆ ಡ್ರೈವಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದಿರೋದು ಒಟ್ಟು ಎಷ್ಟು ಸೆಕೆಂಡು? ಒಂದೆರಡು ಓವರ್‌ಟೇಕಲ್ಲಿ ಐದಾರು ಸೆಕೆಂಡು, ಅಷ್ಟೇ. ಬ್ರೇಕ್ ಜೋರಾಗಿ ತುಳಿಯೋದು ಯಾವಾಗ್ಲೋ ಒಂದ್ಸಲ, ಆಮೇಲೆ ಅದಕ್ಕೆ ತಣ್ಣಗಾಗೋಕೆ ಬೇಕಾದಷ್ಟು ಟೈಮ್ ಸಿಗತ್ತೆ. ಕಂಪನಿಯವರು ಗಾಡಿ ಡಿಸೈನ್ ಮಾಡೋವಾಗ ಈ ಬಿಡುವನ್ನ ಲೆಕ್ಕಕ್ಕೆ ತಗೊಂಡೇ ಡಿಸ್ಕ್ ಸೈಜು, ರೇಡಿಯೇಟರ್ ಸೈಜು, ಆಯಿಲ್ ಸಂಪಿನ (ಎಂಜಿನ್ ಕೆಳಗಿನ ಆಯಿಲ್ ತೊಟ್ಟಿ) ಆಕಾರ ಎಲ್ಲಾ ಫಿಕ್ಸ್ ಮಾಡಿರ್ತಾರೆ.

ಟ್ರ್ಯಾಕಲ್ಲಿ ಆ ಬಿಡುವೇ ಇರಲ್ಲ. 15-20 ನಿಮಿಷದ ಒಂದು ಸೆಷನ್ ಅಂದ್ರೆ ಫುಲ್ ಥ್ರಾಟಲ್, ಫುಲ್ ಬ್ರೇಕ್, ಫುಲ್ ತಿರುವು, ಮತ್ತೆ ಫುಲ್ ಥ್ರಾಟಲ್, ಮಧ್ಯೆ ಉಸಿರಾಡೋಕೆ ಪುರುಸೊತ್ತಿಲ್ಲ, ಗಾಡಿಗೂ ಇಲ್ಲ ಓಡಿಸೋನಿಗೂ ಇಲ್ಲ. ಹಾಗಾಗಿ ಟ್ರ್ಯಾಕ್ ಕಾರ್ ಮಾಡೋದು ಅಂದ್ರೆ ಮುಖ್ಯವಾಗಿ ಏನು ಅಂತ ಯಾರಾದ್ರೂ ಕೇಳಿದ್ರೆ ನಾನು ಹೇಳೋದು ಇಷ್ಟೇ: ಕಿತ್ಕೊಂಡಿರೋ ಆ ಬಿಡುವನ್ನ ಬೇರೆ ದಾರೀಲಿ ವಾಪಸ್ ಕೊಡೋದು. ಬಹಳ ಜನ ಶುರು ಮಾಡೋದು ಮಾತ್ರ ಉಲ್ಟಾ, ಮೊದಲು ಇಂಟೇಕು, ಸೈಲೆನ್ಸರು, ಇಸಿಯು ರೀಮ್ಯಾಪು (ಎಂಜಿನ್ ಕಂಪ್ಯೂಟರಿನ ಸೆಟಿಂಗ್ ಬದಲಾಯಿಸೋದು). ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಹಂಗೆ.

ಸರಿ, ಹಳೇ ಗಾಡೀನೇ ಯಾಕೆ? ತೂಕ. 1976ರ ಮೊದಲ ಗಾಲ್ಫ್ ಜಿಟಿಐ, 1984ರ ಪ್ಯೂಜೋ 205 ಜಿಟಿಐ, ಇವೆಲ್ಲಾ ಒಂದು ಟನ್ನಿಗಿಂತ ಕಮ್ಮಿ ತೂಗ್ತಿದ್ವು. 2000ದ ಆಸುಪಾಸಲ್ಲಿ ಬಂದ ರೆನೋ ಕ್ಲಿಯೋ 172, ಆಮೇಲಿನ 182, 2001ರ ಹೋಂಡಾ ಸಿವಿಕ್ ಟೈಪ್ ಆರ್, ಇವು 1100-1200 ಕೆ.ಜಿ. ಹತ್ತಿರ. ಈಗಿನ ಹಾಟ್ ಹ್ಯಾಚ್‌ಗಳಲ್ಲಿ ಬಹಳಷ್ಟು 1400 ಕೆ.ಜಿ. ಸುಲಭವಾಗಿ ದಾಟ್ತವೆ. ಪವರ್ ಜಾಸ್ತಿ ಇರಬಹುದು, ಆದ್ರೆ ಎಕ್ಸ್‌ಟ್ರಾ 300 ಕೆ.ಜಿ.ನ ಪ್ರತಿ ತಿರುವಲ್ಲೂ ಹೊತ್ಕೊಂಡು ಹೋಗಬೇಕು, ನಿಲ್ಲಿಸಬೇಕು, ಅದರ ಬಿಲ್ ಟೈರಿಗೂ ಬ್ರೇಕಿಗೂ ಬೀಳತ್ತೆ. ಇನ್ನೊಂದು ವಿಷಯ, ಹಳೇ ಗಾಡೀಲಿ ಎಲೆಕ್ಟ್ರಾನಿಕ್ಸ್ ಕಮ್ಮಿ, ಸ್ಪ್ಯಾನರ್ ಹಿಡಿಯೋಕೆ ಬರೋನಿಗೆ ಬಹುತೇಕ ಕೆಲಸ ತಾನೇ ಮಾಡ್ಕೋಬಹುದು.

ಆದ್ರೆ ಹಳೇದು ಅಂದ್ಮೇಲೆ ಹಳೇದೇ. ಮಾಡಿಫಿಕೇಶನ್ ಲಿಸ್ಟ್ ಬರೆಯೋಕೆ ಮುಂಚೆ ಗಾಡೀನ ಲಿಫ್ಟ್ ಮೇಲೆ ಎತ್ತಿ ಕೆಳಗೆ ನಿಂತ್ಕೊಂಡು ನೋಡಿ. ಬಾಗಿಲ ಕೆಳಗಿನ ಸಿಲ್, ಹಿಂದಿನ ಆಕ್ಸಲ್ ಬೀಮ್ ಬಾಡಿಗೆ ಕೂರೋ ಜಾಗ, ಬಾನೆಟ್ ಒಳಗೆ ಸ್ಟ್ರಟ್ ಟಾಪ್ (ಮುಂದಿನ ಸಸ್ಪೆನ್ಷನ್ನಿನ ಮೇಲ್ತುದಿ ಬಾಡಿಗೆ ಕೂರೋ ಜಾಗ), ಇಲ್ಲೆಲ್ಲಾ ತುಕ್ಕು ತಿಂದಿದ್ರೆ ಆ ಗಾಡಿ ಬಿಟ್ಟು ಬೇರೆ ನೋಡಿ, ಬೇರೆ ಮಾತೇ ಬೇಡ. ಸಸ್ಪೆನ್ಷನ್ ಬುಶ್ ರಬ್ಬರ್ ಸೀಳಿದ್ಯಾ, ಬಾಲ್ ಜಾಯಿಂಟ್ ಆಡ್ತಿದ್ಯಾ, ಎಂಜಿನ್ ಮೌಂಟ್ ಕುಸಿದಿದ್ಯಾ, ಡ್ರೈವ್ ಶಾಫ್ಟ್ ಬೂಟ್ ಹರಿದು ಗ್ರೀಸ್ ಚೆಲ್ಲಿದ್ಯಾ ನೋಡ್ಕೊಳ್ಳಿ. ಟೈಮಿಂಗ್ ಬೆಲ್ಟ್ ಇರೋ ಎಂಜಿನ್ ಆದ್ರೆ, ಕ್ಲಿಯೋದಲ್ಲಿರೋದು ಬೆಲ್ಟೇ, ಯಾವಾಗ ಬದಲಾಯಿಸಿದ್ದು ಅಂತ ದಾಖಲೆ ಇಲ್ಲ ಅಂದ್ರೆ ಬದಲಾಯಿಸಿಲ್ಲ ಅಂತಲೇ ಲೆಕ್ಕ. ಸಿವಿಕ್ ಟೈಪ್ ಆರ್‌ನ ಕೆ20 ಎಂಜಿನ್ನಿಗೆ ಚೈನ್, ಆ ತಲೆನೋವು ಕಮ್ಮಿ, ಆದ್ರೂ ಚೈನಿಗೂ ಆಯಿಲ್ ಸರಿಯಾಗಿರಬೇಕು. ಕೂಲೆಂಟ್ ಹೋಸ್ ಒತ್ತಿ ನೋಡಿ, ಹೊಸದರ ಥರ ಮೆತ್ತಗಿದ್ದು ಗಟ್ಟಿಯಾಗಿ ವಾಪಸ್ ಬರಬೇಕು, ಕರಕರ ಅಂದ್ರೆ ಅದರ ಆಯಸ್ಸು ಮುಗೀತು. ಈ ಹಂತದಲ್ಲೇ ದುಡ್ಡಿನ ಅರ್ಧ ಖರ್ಚಾಗಿ, ತೋರಿಸ್ಕೊಳ್ಳೋಕೆ ಏನೂ ಇರಲ್ಲ, ಬೇಜಾರಾಗತ್ತೆ, ಗೊತ್ತು.

ಈಗ ಬ್ರೇಕಿಗೆ ಬರೋಣ, ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳ್ತೀನಿ ಯಾಕಂದ್ರೆ ಜೀವ ಉಳಿಸೋದು ಇದೇ. 1100 ಕೆ.ಜಿ. ಗಾಡಿ 160 ಕಿ.ಮೀ. ವೇಗದಿಂದ 60ಕ್ಕೆ ಇಳೀಬೇಕು ಅಂದ್ರೆ ಸುಮಾರು 9 ಲಕ್ಷ ಜೌಲ್ ಶಕ್ತಿ ಎಲ್ಲಿಗಾದ್ರೂ ಹೋಗಬೇಕು. ಒಂದು ಲೀಟರ್ ನೀರನ್ನ 20 ಡಿಗ್ರಿಯಿಂದ ಕುದಿಯೋವರೆಗೆ ಕಾಯಿಸೋಕೆ ಬೇಕಾಗಿರೋದು 3.35 ಲಕ್ಷ ಜೌಲ್. ಅಂದ್ರೆ ಮೂರು ನಾಲ್ಕು ಸೆಕೆಂಡಿನ ಒಂದು ಬ್ರೇಕಿಂಗಲ್ಲಿ ಎರಡೂವರೆ ಲೀಟರಿಗಿಂತ ಜಾಸ್ತಿ ನೀರು ಕುದಿಸೋಷ್ಟು ಬಿಸಿ ಹುಟ್ಟತ್ತೆ. ಗಾಳಿ, ಎಂಜಿನ್ ಬ್ರೇಕಿಂಗ್ ಅದರಲ್ಲಿ ಒಂಚೂರು ತಗೊಳ್ತವೆ, ಮಿಕ್ಕಿದ್ದು ನಾಲ್ಕು ಡಿಸ್ಕಿಗೆ, ಅದರಲ್ಲೂ ಬಹುಪಾಲು ಮುಂದಿನ ಎರಡಕ್ಕೆ. ಲ್ಯಾಪಲ್ಲಿ ಅಂಥ ನಾಲ್ಕೈದು ಜಾಗ, ಸೆಷನ್ನಲ್ಲಿ ಹತ್ತು ಲ್ಯಾಪು. ಈಗ ಗೊತ್ತಾಯ್ತಲ್ಲ ಡಿಸ್ಕ್ ಯಾಕೆ ಕೆಂಪಗಾಗತ್ತೆ ಅಂತ.

ಬ್ರೇಕ್ ಫೇಡ್ ಅಂತ ಎಲ್ಲರೂ ಒಂದೇ ಹೆಸರಲ್ಲಿ ಕರೀತಾರೆ, ಆದ್ರೆ ಅದರಲ್ಲಿ ಎರಡು ಬೇರೆ ಬೇರೆ ಕಾಯಿಲೆ ಇದೆ, ಕಾಲಿಗೇ ವ್ಯತ್ಯಾಸ ಗೊತ್ತಾಗತ್ತೆ. ಪೆಡಲ್ ಗಟ್ಟಿಯಾಗೇ ಇದೆ, ಬಲವಾಗಿ ತುಳಿದ್ರೂ ಗಾಡಿ ನಿಲ್ತಾ ಇಲ್ಲ ಅಂದ್ರೆ ಡಿಸ್ಕನ್ನ ಒತ್ತಿ ಹಿಡಿಯೋ ಪ್ಯಾಡ್ ಸೋತಿದೆ, ಅದರ ಮಟೀರಿಯಲ್ ತಡ್ಕೊಳ್ಳೋ ಬಿಸಿ ದಾಟಿ ಹೋಗಿದೆ. ಪೆಡಲ್ ಸ್ಪಂಜಿನ ಥರ ಮೆತ್ತಗಾಗಿ ಕೆಳಗಿಳೀತು ಅಂದ್ರೆ ಪೆಡಲಿನ ಒತ್ತಡ ಸಾಗಿಸೋ ಬ್ರೇಕ್ ಫ್ಲೂಯಿಡ್ ಕುದ್ದಿದೆ. ದ್ರವವನ್ನ ಒತ್ತಿದ್ರೆ ಕುಗ್ಗಲ್ಲ, ಅದಕ್ಕೇ ಬ್ರೇಕ್ ಕೆಲಸ ಮಾಡೋದು, ಆದ್ರೆ ಕುದ್ದಾಗ ಬರೋ ಆವಿಯ ಗುಳ್ಳೆ ಕುಗ್ಗತ್ತೆ, ನಮ್ಮ ಕಾಲಿನ ಶಕ್ತಿ ಎಲ್ಲಾ ಆ ಗುಳ್ಳೆ ಒತ್ತೋದ್ರಲ್ಲೇ ಖರ್ಚಾಗಿ ಪ್ಯಾಡನ್ನ ಒತ್ತೋ ಕ್ಯಾಲಿಪರ್ ತನಕ ತಲುಪೋದೇ ಇಲ್ಲ.

ನನಗೆ ಈ ಎರಡನೇದು ಆಗಿದೆ. ಮೊದಲ ಟ್ರ್ಯಾಕ್ ಡೇ (ಸ್ವಂತ ಗಾಡೀನ ರೇಸ್ ಟ್ರ್ಯಾಕಲ್ಲಿ ಓಡಿಸೋಕೆ ಬಿಡೋ ದಿನ), ನಾಲ್ಕನೇ ಲ್ಯಾಪು, ಉದ್ದದ ಸ್ಟ್ರೇಟ್ ಕೊನೇಲಿ ಬ್ರೇಕ್ ತುಳಿದೆ, ಪೆಡಲ್ ಸೀದಾ ಕಾರ್ಪೆಟ್ಟಿಗೆ ಹೋಯ್ತು. ಎರಡು ಮೂರು ಸಲ ಪಂಪ್ ಮಾಡಿ ಗೇರ್ ಇಳಿಸಿ ಹೆಂಗೋ ವೇಗ ಕಮ್ಮಿ ಮಾಡ್ಕೊಂಡು ಜಲ್ಲಿ ಒಳಗೆ ಮೆಲ್ಲಗೆ ಹೋಗಿ ನಿಂತೆ, ಕೈಕಾಲು ನಡುಗ್ತಿತ್ತು. ಮಜಾ ಏನಂದ್ರೆ ಸರ್ವೀಸ್ ಬಿಲ್ಲಲ್ಲಿ ಬ್ರೇಕ್ ಫ್ಲೂಯಿಡ್ ಚೇಂಜ್ ಅಂತ ಸ್ಪಷ್ಟವಾಗಿ ಬರೆದಿದ್ರು. ಮನೆಗೆ ಬಂದು ವೀಲ್ ಬಿಚ್ಚಿ ನೋಡ್ತೀನಿ, ಬ್ಲೀಡ್ ನಿಪ್ಪಲ್ (ಹಳೇ ಫ್ಲೂಯಿಡ್ ಹೊರಬಿಡೋ ಸ್ಕ್ರೂ) ಮೇಲೆ ತುಕ್ಕಿನ ಪದರ ಹಂಗೇ ಕೂತಿದೆ, ಸ್ಪ್ಯಾನರ್ ಮುಟ್ಟಿದ ಗುರುತೇ ಇಲ್ಲ. ಅವತ್ತಿಂದ ಫ್ಲೂಯಿಡ್ ನಾನೇ ಬದಲಾಯಿಸೋದು.

ಈ ಫ್ಲೂಯಿಡ್ ಗಾಳಿಯಲ್ಲಿರೋ ತೇವ ಹೀರ್ಕೊಳ್ಳತ್ತೆ, ಹಳೇದಾದಷ್ಟೂ ಕುದಿಯೋ ಬಿಂದು ಕೆಳಗಿಳಿಯತ್ತೆ. ಡಬ್ಬಿ ಮೇಲೆ ಡಾಟ್ 4 (ಫ್ಲೂಯಿಡಿನ ದರ್ಜೆ) ಅಂತ ಬರೆದಿರೋದಕ್ಕೆ ಸ್ಟ್ಯಾಂಡರ್ಡ್ ಪ್ರಕಾರ ಹೊಸದರಲ್ಲಿ ಕನಿಷ್ಠ 230 ಡಿಗ್ರಿ, ತೇವ ಹಿಡಿದ ಮೇಲೆ ಕನಿಷ್ಠ 155. ಡಾಟ್ 5.1ಕ್ಕೆ 260 ಮತ್ತು 180. ರೇಸಿಂಗ್ ಫ್ಲೂಯಿಡ್‌ಗಳು ಹೊಸದರಲ್ಲಿ 300 ದಾಟ್ತವೆ, ಆದ್ರೆ ಅವನ್ನ ಪದೇ ಪದೇ ಬದಲಾಯಿಸ್ತಾ ಇರಬೇಕು. ಡಾಟ್ 5 ಅಂತ ಇನ್ನೊಂದಿದೆ, ಅದು ಸಿಲಿಕೋನ್, ಹೆಸರು ನೋಡಿ 5.1ರ ಅಣ್ಣನೋ ತಮ್ಮನೋ ಅಂದ್ಕೊಂಡು ಮಿಕ್ಸ್ ಮಾಡ್ಬೇಡಿ. ಹೊಸ ಫ್ಲೂಯಿಡ್ ಜೊತೆಗೆ ಟ್ರ್ಯಾಕ್ ಪ್ಯಾಡು, ಹಳೇ ರಬ್ಬರ್ ಹೋಸ್ ಜಾಗಕ್ಕೆ ಸ್ಟೀಲ್ ಹೆಣಿಗೆಯ ಹೋಸು, ಒಳ್ಳೇ ಮಾಮೂಲಿ ಡಿಸ್ಕು, ಇಷ್ಟಿದ್ರೆ ಹಗುರ ಹ್ಯಾಚಿಗೆ ಸಾಕು. ದೊಡ್ಡ ಬ್ರೇಕ್ ಕಿಟ್ ಬೇಕೋ ಬೇಡ್ವೋ ಅನ್ನೋದನ್ನ ಆಮೇಲೆ ನೋಡೋಣ, ಅದಕ್ಕಿಂತ ಮುಂಚೆ ಬಂಪರ್‌ನಿಂದ ಡಿಸ್ಕ್ ಮಧ್ಯಕ್ಕೆ ಒಂದು ಪೈಪ್ ಎಳೆದು ತಣ್ಣನೆ ಗಾಳಿ ಬಿಡಿ, ಕಮ್ಮಿ ಖರ್ಚಲ್ಲಿ ದೊಡ್ಡ ಲಾಭ. ಟ್ರ್ಯಾಕ್ ಪ್ಯಾಡು ತಣ್ಣಗಿದ್ದಾಗ ಕೀರಲು ಶಬ್ದ ಮಾಡತ್ತೆ, ಮೊದಲ ಒಂದೆರಡು ಸಲ ಸರಿಯಾಗಿ ಹಿಡಿಯಲ್ಲ, ರೋಡಿಗೂ ಅದೇ ಗಾಡಿ ಬಳಸೋರು ಇದನ್ನ ನೆನಪಿಟ್ಕೊಳ್ಳಿ.

ಬ್ರೇಕ್ ಆದ್ಮೇಲೆ ಎಂಜಿನ್. ಇಲ್ಲಿ ಕೂಲೆಂಟ್ ಮೀಟರ್ ನೋಡ್ಕೊಂಡು ಎಲ್ಲಾ ಸರಿಯಿದೆ ಅಂದ್ಕೊಳ್ಳೋದೇ ದೊಡ್ಡ ತಪ್ಪು, ಯಾಕಂದ್ರೆ ಸಾಯಿಸೋದು ಆಯಿಲ್. ಒಂದು ಬಟ್ಟಲಲ್ಲಿ ನೀರಿಟ್ಕೊಂಡು ಜೋರಾಗಿ ತಿರುಗಿದ್ರೆ ನೀರು ಒಂದು ಕಡೆ ಏರತ್ತೆ ಅಲ್ವಾ, ಸಂಪಲ್ಲೂ ಅದೇ ಆಗೋದು. ತಿರುವಲ್ಲಿ ಗಾಡಿ 1 ಜಿ ಬಲ (ಅದರ ತೂಕದಷ್ಟೇ ಬಲ ಪಕ್ಕಕ್ಕೆ) ಎಳೀತು ಅಂದ್ರೆ, ಒಳ್ಳೇ ಟೈರಿದ್ರೆ ಅದರ ಹತ್ತಿರಕ್ಕೆ ಹೋಗತ್ತೆ, ಒಳಗಿರೋ ಆಯಿಲಿನ ಮೇಲ್ಮೈ 45 ಡಿಗ್ರಿ ಓರೆಯಾಗಿ ನಿಂತಿರತ್ತೆ. ಇಂಥ ಹ್ಯಾಚ್‌ಗಳಲ್ಲಿ ಎಂಜಿನ್ ಅಡ್ಡಡ್ಡ ಕೂತಿರೋದ್ರಿಂದ ಸಂಪಿನ ಉದ್ದ ಕೂಡ ಗಾಡಿಯ ಅಡ್ಡಕ್ಕೇ ಇರತ್ತೆ, ಉದ್ದನೆ ತಿರುವಲ್ಲಿ ಆಯಿಲ್ ಎಲ್ಲಾ ಓಡಿ ಒಂದು ತುದಿಗೆ ಸೇರ್ಕೊಳ್ಳತ್ತೆ, ಪಂಪಿನ ಹೀರು ಕೊಳವೆ ಇನ್ನೊಂದು ಕಡೆ ಗಾಳಿ ಕುಡೀತಾ ಕೂತಿರತ್ತೆ. 7000 ಆರ್‌ಪಿಎಂ ಅಂದ್ರೆ ಕ್ರ್ಯಾಂಕ್ ಸೆಕೆಂಡಿಗೆ ನೂರಕ್ಕೂ ಜಾಸ್ತಿ ಸುತ್ತು ಹೊಡೀತಿದೆ, ಅಷ್ಟು ಹೊತ್ತಲ್ಲಿ ಬೇರಿಂಗ್ ಮೇಲೆ ಆಯಿಲ್ ಪದರ ಇಲ್ಲ ಅಂದ್ರೆ ಹೇಳೋದೇ ಬೇಡ. ಡ್ಯಾಶ್‌ಬೋರ್ಡಿನ ಕೆಂಪು ಲೈಟ್ ನಂಬ್ಕೊಂಡ್ರೆ ಕೆಟ್ವಿ, ಪ್ರೆಶರ್ ತೀರಾ ತಳ ಸೇರಿದ ಮೇಲೇ ಅದು ಹತ್ಕೊಳ್ಳೋದು, ಅಷ್ಟೊತ್ತಿಗೆ ಆಗೋದು ಆಗಿರತ್ತೆ.

ಪರಿಹಾರ ಮೂರು ಇದೆ, ಮೂರೂ ಸಿಂಪಲ್. ಡಿಪ್‌ಸ್ಟಿಕ್ಕಲ್ಲಿ ಆಯಿಲ್ ಮೇಲಿನ ಗೆರೆ ತನಕ ಇರಲಿ, ಮಧ್ಯದಲ್ಲಲ್ಲ, ಪ್ರತಿ ಸೆಷನ್ ಆದ್ಮೇಲೂ ನೋಡಿ. ಸಂಪ್ ಒಳಗೆ ಬ್ಯಾಫಲ್ ಹಾಕಿಸಿ, ಅಂದ್ರೆ ಆಯಿಲ್ ಪಕ್ಕಕ್ಕೆ ಓಡದೇ ಇರೋ ಹಾಗೆ ಹೀರು ಕೊಳವೆ ಸುತ್ತ ತಗಡಿನ ಅಡ್ಡಗೋಡೆ. ಆಮೇಲೆ ನಿಜವಾದ ಆಯಿಲ್ ಪ್ರೆಶರ್ ಮೀಟರ್, ಆಯಿಲ್ ಟೆಂಪರೇಚರ್ ಮೀಟರ್ ಹಾಕ್ಸಿ. ಟೆಂಪರೇಚರ್ 130 ಡಿಗ್ರಿ ದಾಟಿ ಅಲ್ಲೇ ನಿಲ್ತಿದ್ರೆ ಆಯಿಲ್ ಕೂಲರ್ ಬೇಕು, ಥರ್ಮೋಸ್ಟಾಟ್ ಇರೋದೇ ತಗೊಳ್ಳಿ, ಇಲ್ಲಾಂದ್ರೆ ಚಳಿಯಲ್ಲಿ ಆಯಿಲ್ ಬಿಸಿಯೇ ಆಗಲ್ಲ, ಅದೂ ಒಳ್ಳೇದಲ್ಲ. ಸೂಪರ್‌ಚಾರ್ಜರ್ ಇರೋ ಹಳೇ ಮಿನಿ ಕೂಪರ್ ಎಸ್ ಥರದ ಗಾಡಿಗಳಲ್ಲಿ ಇನ್ನೊಂದು ರಗಳೆ, ಇಂಟರ್‌ಕೂಲರ್ (ಎಂಜಿನ್ನಿಗೆ ಹೋಗೋ ಗಾಳಿ ತಣ್ಣಗೆ ಮಾಡೋದು) ಎಂಜಿನ್ ತಲೆ ಮೇಲೇ ಕೂತಿರೋದ್ರಿಂದ ಅದೂ ಕಾದು ಲ್ಯಾಪಿಂದ ಲ್ಯಾಪಿಗೆ ಪವರ್ ಇಳೀತಾ ಹೋಗತ್ತೆ. ಟರ್ಬೋ, ಸೂಪರ್‌ಚಾರ್ಜರ್ ಯಾವುದೂ ಇಲ್ಲದ ಗಾಡಿ ಈ ವಿಷಯದಲ್ಲಿ ನೆಮ್ಮದಿ, ನನ್ನ ವೋಟ್ ಯಾವಾಗ್ಲೂ ಅದಕ್ಕೇ.

ಟೈರ್ ಮತ್ತು ಸಸ್ಪೆನ್ಷನ್‌ನ ಒಟ್ಟಿಗೇ ಹೇಳ್ಬೇಕು, ಯಾಕಂದ್ರೆ ಸಸ್ಪೆನ್ಷನ್ ಇರೋದೇ ಟೈರನ್ನ ನೆಲಕ್ಕೆ ಸರಿಯಾಗಿ ಒತ್ತೋಕೆ. ಫ್ರಂಟ್ ವೀಲ್ ಡ್ರೈವ್ ಗಾಡೀಲಿ ಮುಂದಿನ ಟೈರಿನ ಪಾಡು ನಾಯಿಪಾಡು: ತಿರುಗಿಸೋದೂ ಅದೇ, ಎಳೆಯೋದೂ ಅದೇ, ನಿಲ್ಲಿಸೋದ್ರಲ್ಲಿ ಬಹುಪಾಲೂ ಅದೇ. ಹಾಗಾಗಿ ಗಾಡಿ ತಿರುವಲ್ಲಿ ಮೂತಿ ಒಳಗೆ ಹಾಕಲ್ಲ, ಹೊರಗೇ ಜಾರತ್ತೆ, ಅದೇ ಅಂಡರ್‌ಸ್ಟಿಯರ್. ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಒಂದೇ ಕಂಬದಲ್ಲಿರೋ ಸಸ್ಪೆನ್ಷನ್) ಇರೋ ಗಾಡಿ ವಾಲಿದಾಗ ಹೊರಗಿನ ಚಕ್ರವೂ ಬಾಡಿ ಜೊತೆ ಹೊರಕ್ಕೆ ವಾಲಿ, ಟೈರಿನ ಹೊರ ಅಂಚು ಮಾತ್ರ ನೆಲಕ್ಕೆ ಉಜ್ಜತ್ತೆ, ಒಳಗಿನ ಅರ್ಧ ಸುಮ್ನೆ ಕೂತಿರತ್ತೆ. ಅದಕ್ಕೇ ನೆಗೆಟಿವ್ ಕ್ಯಾಂಬರ್, ನಿಂತಾಗಲೇ ಚಕ್ರದ ಮೇಲ್ಭಾಗ 2ರಿಂದ 3 ಡಿಗ್ರಿ ಒಳಕ್ಕೆ ಬಾಗಿದ್ರೆ ತಿರುವಲ್ಲಿ ವಾಲಿದಾಗ ಟೈರ್ ಚಪ್ಪಟೆಯಾಗಿ ಕೂರತ್ತೆ. ಫ್ಯಾಕ್ಟರಿ ಸೆಟಿಂಗಲ್ಲಿ ಇಷ್ಟು ಸಿಗಲ್ಲ, ಕ್ಯಾಂಬರ್ ಬೋಲ್ಟ್ ಅಥವಾ ಅಡ್ಜಸ್ಟ್ ಮಾಡೋ ಟಾಪ್ ಮೌಂಟ್ ಬೇಕು. ನನ್ನ ಪ್ರಕಾರ ಕೊಟ್ಟ ದುಡ್ಡಿಗೆ ಇದರಷ್ಟು ವ್ಯತ್ಯಾಸ ತೋರಿಸೋ ಪಾರ್ಟ್ ಇನ್ನೊಂದಿಲ್ಲ.

ಹಿಂದಿನ ಆ್ಯಂಟಿ ರೋಲ್ ಬಾರ್ (ತಿರುವಲ್ಲಿ ಗಾಡಿ ವಾಲೋದನ್ನ ತಡೆಯೋ ಕಂಬಿ) ದಪ್ಪ ಮಾಡಿದ್ರೆ ಮುಂದೆ ಗ್ರಿಪ್ ಜಾಸ್ತಿ ಆಗತ್ತೆ ಅಂದ್ರೆ ಮೊದಲಿಗೆ ತಲೆಬುಡ ಅರ್ಥ ಆಗಲ್ಲ. ವಿಷಯ ಏನಂದ್ರೆ, ಟೈರ್ ಮೇಲೆ ಭಾರ ಡಬಲ್ ಮಾಡಿದ್ರೆ ಗ್ರಿಪ್ ಡಬಲ್ ಆಗಲ್ಲ, ಅದಕ್ಕಿಂತ ಕಮ್ಮಿ ಸಿಗತ್ತೆ. ಅಂದ್ರೆ ಒಂದು ಆಕ್ಸಲ್ಲಿನ ಎರಡು ಟೈರ್ ಭಾರ ಸಮ ಹಂಚ್ಕೊಂಡಷ್ಟೂ ಒಟ್ಟು ಗ್ರಿಪ್ ಜಾಸ್ತಿ. ತಿರುವಲ್ಲಿ ಒಳಗಿಂದ ಹೊರಗೆ ದಾಟೋ ಒಟ್ಟು ಭಾರ ತಪ್ಪಿಸೋಕಾಗಲ್ಲ, ಆದ್ರೆ ಹಿಂದೆ ಗಟ್ಟಿ ಮಾಡಿದ್ರೆ ಅದರಲ್ಲಿ ಜಾಸ್ತಿ ಪಾಲು ಹಿಂದಿನ ಟೈರ್‌ಗಳ ಮೇಲೆ ಆಗಿ, ಮುಂದಿನ ಎರಡಕ್ಕೆ ಸ್ವಲ್ಪ ನ್ಯಾಯ ಸಿಗತ್ತೆ. ಟ್ರ್ಯಾಕ್ ಫೋಟೋಗಳಲ್ಲಿ ಹ್ಯಾಚ್ ಒಂದು ಹಿಂಗಾಲೆತ್ತಿ ತಿರುಗೋದು ನೋಡಿರ್ತೀರಲ್ಲ, ಕಾರಣ ಅದೇ. ಅತಿ ಮಾಡಿದ್ರೆ ಮಾತ್ರ, ತಿರುವಿನ ಮಧ್ಯೆ ಹೆದರಿ ಆಕ್ಸಿಲರೇಟರ್ ಬಿಟ್ಟ ತಕ್ಷಣ ಗಾಡಿ ಅಕ್ಷರಶಃ ಬಾಲ ಬಿಚ್ಚತ್ತೆ, ಹಿಂಭಾಗ ಹೊರಕ್ಕೆ ಜಾರತ್ತೆ. 205 ಜಿಟಿಐ ಈ ಚಾಳಿಗೇ ಹೆಸರುವಾಸಿ, ಅದೂ ಫ್ಯಾಕ್ಟರಿಯಿಂದ ಬಂದ ಸ್ಥಿತಿಯಲ್ಲೇ.

ಇನ್ನು ಗಾಡೀನ ನೆಲಕ್ಕೆ ಅಂಟಿಸೋ ಹಾಗೆ ಇಳಿಸೋರು. 20-30 ಮಿ.ಮೀ. ಓಕೆ. 60 ಮಿ.ಮೀ. ಇಳಿಸಿದ್ರೆ ಕೆಳಗಿನ ಆರ್ಮ್ ಹೊರತುದಿ ಮೇಲಕ್ಕೆದ್ದು ರೋಲ್ ಸೆಂಟರ್ (ಗಾಡಿ ವಾಲೋವಾಗ ಯಾವುದರ ಸುತ್ತ ತಿರುಗತ್ತೋ ಆ ಬಿಂದು) ಬಾಡಿಗಿಂತ ಬೇಗ ಕೆಳಗೆ ಹೋಗತ್ತೆ, ಪರಿಣಾಮ ಗಾಡಿ ವಾಲೋಕೆ ಇನ್ನೂ ಜಾಸ್ತಿ ಹಂಬಲಿಸತ್ತೆ, ಮೇಲಿಂದ ಶಾಕ್ ಅಬ್ಸಾರ್ಬರ್ ಬಂಪ್ ಸ್ಟಾಪಿಗೆ (ಕೊನೆಯ ರಬ್ಬರ್ ತಡೆ) ಬಡಿದು ಚಕ್ರ ಕುಪ್ಪಳಿಸತ್ತೆ. ನೋಡೋಕೆ ಚಂದ, ಓಡ್ಸೋಕೆ ಕೆಟ್ಟದು.

ಟೈರಿಗೆ ಸೆಮಿ ಸ್ಲಿಕ್ (ಗೀರು ಕಮ್ಮಿ ಇರೋ ಟ್ರ್ಯಾಕ್ ಟೈರ್) ಬೇಕೇ ಬೇಕಾ? ಮೊದಲ ಕೆಲವು ದಿನ ಬೇಡ. ಒಳ್ಳೇ ರೋಡ್ ಟೈರ್ ಜಾರೋಕೆ ಮುಂಚೆ ಕಿರುಚಿ ಎಚ್ಚರಿಕೆ ಕೊಡತ್ತೆ, ಕಲಿಯೋರಿಗೆ ಅದೇ ಮೇಷ್ಟ್ರು. ವಯಸ್ಸು ಮಾತ್ರ ನೋಡಿ, ಪಕ್ಕದಲ್ಲಿ ನಾಲ್ಕಂಕಿ ಇರತ್ತೆ, 2319 ಅಂದ್ರೆ 2019ರ 23ನೇ ವಾರ. ಪ್ರೆಶರ್ ವಿಷಯ: ಟೈರ್ ಒಳಗಿನ ಗಾಳಿ ಪ್ರತಿ 6 ಡಿಗ್ರಿಗೆ ಸುಮಾರು 1 ಪಿಎಸ್‌ಐ ಏರತ್ತೆ, 25 ಡಿಗ್ರಿಯಿಂದ 65ಕ್ಕೆ ಹೋದ್ರೆ 6 ಪಿಎಸ್‌ಐ ಮೇಲೇ. ಹಾಗಾಗಿ ಬೆಳಿಗ್ಗೆ ತಣ್ಣಗಿದ್ದಾಗ ಸರಿ ಇತ್ತು ಅನ್ನೋದಕ್ಕೆ ಅರ್ಥ ಇಲ್ಲ, ಬಿಸಿಯಾಗಿ ಪಿಟ್ಟಿಗೆ ಬಂದ ತಕ್ಷಣ ನೋಡಿ ಗಾಳಿ ತೆಗೀಬೇಕು. ಟೈರಿನ ಭುಜಕ್ಕೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದು ಹೋಗಿ, ವಾಪಸ್ ಬಂದಾಗ ಎಲ್ಲಿವರೆಗೆ ಅಳಿಸಿದೆ ಅಂತ ನೋಡಿದ್ರೆ ಎಷ್ಟು ಮಡಚ್ತಿದೆ ಅಂತ ಗೊತ್ತಾಗತ್ತೆ.

ತೂಕ ಇಳಿಸೋದು ಎಲ್ಲರಿಗೂ ಇಷ್ಟ ಯಾಕಂದ್ರೆ ಫ್ರೀ. ಹಿಂದಿನ ಸೀಟು, ಸ್ಟೆಪ್ನಿ, ಜಾಕಿ, ಕಾರ್ಪೆಟ್ಟು, ಡಿಕ್ಕಿಯ ಪ್ಯಾನೆಲ್ಲು, ಎಲ್ಲಾ ಸೇರಿ 60-80 ಕೆ.ಜಿ. ಇಳಿಸಬಹುದು. ಆದ್ರೆ ಗಮನಿಸಿ, ತೆಗೆದಿದ್ರಲ್ಲಿ ಬಹುಪಾಲು ಹಿಂದಿನಿಂದ. ಮೊದಲೇ ಮೂಗಿನ ಮೇಲೆ ಭಾರ ಇರೋ ಗಾಡಿ ಇದು, ಮುಂದೆ 690 ಹಿಂದೆ 410 ಕೆ.ಜಿ. ಇದ್ದಿದ್ದು 670 ಮತ್ತು 350 ಆಯ್ತು ಅಂದ್ಕೊಳ್ಳಿ, ಹಿಂದಿನ ಪಾಲು ಇನ್ನೂ ಕಮ್ಮಿಯಾಯ್ತು. ಬ್ರೇಕ್ ಹಾಕಿದಾಗ ಹಿಂದಿನ ಚಕ್ರ ಬೇಗ ಲಾಕ್ ಆಗೋಕೆ ನೋಡತ್ತೆ, ಒದ್ದೆ ಟ್ರ್ಯಾಕಲ್ಲಿ ಇದು ತಮಾಷೆಯಲ್ಲ. ಅದಕ್ಕೆ ಮುಂದಿನ ತೂಕವನ್ನೂ ಹುಡುಕಿ, ಹಗುರ ಬ್ಯಾಟರಿ ಹಾಕೋದು ಅಥವಾ ಇರೋ ಬ್ಯಾಟರಿಯನ್ನ ಡಿಕ್ಕಿಗೆ ಸಾಗಿಸೋದು, ಗಟ್ಟಿಯಾಗಿ ಬಿಗಿದು.

ಸೀಟು ಮತ್ತು ಬೆಲ್ಟಲ್ಲಿ ಅರ್ಧಂಬರ್ಧ ಕೆಲಸ ಮಾಡಿದ್ರೆ ಇದ್ದ ಸೇಫ್ಟಿನೂ ಹೋಗತ್ತೆ. ಮಾಮೂಲಿ ಸೀಟಿಗೆ ನಾಲ್ಕು ಪಾಯಿಂಟ್ ಹಾರ್ನೆಸ್ (ನಾಲ್ಕು ಕಡೆ ಬಿಗಿಯೋ ರೇಸ್ ಬೆಲ್ಟ್) ಕಟ್ಟಿದ್ರೆ ಡಿಕ್ಕಿಯಾದಾಗ ಸೊಂಟದ ಪಟ್ಟಿ ಹೊಟ್ಟೆಗೆ ಏರಿ ಮೈ ಕೆಳಗಿಂದ ಜಾರತ್ತೆ. ಹಾರ್ನೆಸ್ ಹಾಕಿ ಹಿಂದೆ ರೋಲ್ ಬಾರ್ (ಛಾವಣಿ ತಡೆಯೋ ಕಬ್ಬಿಣದ ಕಮಾನು) ಇಲ್ಲದಿದ್ರೆ ಪಲ್ಟಿಯಾದಾಗ ಛಾವಣಿ ಕುಸೀತಿದ್ರೂ ನಮ್ಮನ್ನ ನೆಟ್ಟಗೆ ಕೂರಿಸಿ ಕಟ್ಟಿರತ್ತೆ. ಪೂರ್ತಿ ಕೇಜ್ (ಒಳಗೆಲ್ಲಾ ಪೈಪಿನ ಗೂಡು) ಹಾಕಿದ್ರೆ ಹೆಲ್ಮೆಟ್ ಇಲ್ಲದೆ ರೋಡಲ್ಲಿ ಓಡಿಸೋದು ಅಪಾಯ, ತಲೆ ಪಕ್ಕದಲ್ಲೇ ಕಬ್ಬಿಣದ ಪೈಪು. ಹಾಗಾಗಿ ಸೀಟು, ಹಾರ್ನೆಸ್ಸು, ಬಾರು ಒಟ್ಟಿಗೇ ಮಾಡ್ಸಿ, ಇಲ್ಲಾಂದ್ರೆ ಕಂಪನಿ ಸೀಟು ಕಂಪನಿ ಬೆಲ್ಟಲ್ಲೇ ಇರಿ. ಬಕೆಟ್ ಸೀಟಿನ ನಿಜವಾದ ಲಾಭ ಬೇರೆ, ಮೈ ಜಾರದೇ ಇರೋದ್ರಿಂದ ಸ್ಟಿಯರಿಂಗ್ ಹಿಡ್ಕೊಂಡು ನೇತಾಡೋದು ತಪ್ಪತ್ತೆ, ಕೈಗೆ ಟೈರ್ ಏನ್ ಹೇಳ್ತಿದೆ ಅಂತ ಕೇಳ್ಸತ್ತೆ.

ಎಲ್ಲಾ ಆದ್ಮೇಲೆ ಬೇಕಾದ್ರೆ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ (ಒಂದೇ ಚಕ್ರಕ್ಕೆ ಪವರ್ ಪೋಲಾಗದ ಹಾಗೆ ಎರಡಕ್ಕೂ ಹಂಚೋ ಭಾಗ) ಯೋಚಿಸಿ, ತಿರುವಿನಿಂದ ಹೊರಬರೋವಾಗ ಒಳ ಚಕ್ರ ಸುಮ್ನೆ ಹೊಗೆ ಎಬ್ಬಿಸೋದು ನಿಲ್ಲತ್ತೆ. ಹೆಲಿಕಲ್ ಗೇರ್ ಇರೋದು ನಯವಾಗಿ ಕೆಲಸ ಮಾಡತ್ತೆ, ಮೇಂಟೆನೆನ್ಸ್ ಕಮ್ಮಿ, ಆದ್ರೆ ಚಕ್ರ ಪೂರ್ತಿ ಗಾಳಿಗೆದ್ರೆ ಅದರ ಆಟ ನಡೆಯಲ್ಲ. ಪ್ಲೇಟ್ ಇರೋದು ಆಗಲೂ ಹಿಡಿಯತ್ತೆ, ಬದಲಿಗೆ ಸವೆಯತ್ತೆ, ಸ್ಟಿಯರಿಂಗ್ ಎಳೆದಾಡತ್ತೆ. ಪವರ್ ಬಗ್ಗೆ ನಾನು ಏನೂ ಹೇಳಿಲ್ಲ, ಬೇಕಂತಲೇ.

ಮೊದಲ ದಿನ ಹೇಗಿರಬೇಕು ಅಂದ್ರೆ: ಬಿಸಿಯಾಗೋಕೆ ಒಂದು ಲ್ಯಾಪ್ ನಿಧಾನ, ನಾಲ್ಕೈದು ಲ್ಯಾಪ್ ಜೋರು, ಆಮೇಲೆ ಬ್ರೇಕ್ ಮುಟ್ಟದ ಹಾಗೆ ಒಂದು ಲ್ಯಾಪ್ ನಿಧಾನವಾಗಿ ಓಡಿಸಿ ಒಳಗೆ ಬನ್ನಿ. ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೀಬೇಡಿ, ಕಾದ ಡಿಸ್ಕಿಗೆ ಪ್ಯಾಡ್ ಒಂದೇ ಜಾಗದಲ್ಲಿ ಅಂಟಿ ಕೂರತ್ತೆ, ಗೇರಲ್ಲಿ ಬಿಟ್ಟು ಚಕ್ರಕ್ಕೆ ಅಡ್ಡ ಮರದ ತುಂಡು ಇಡಿ. ಬಾನೆಟ್ ತೆರೀರಿ, ಆಯಿಲ್ ನೋಡಿ, ಕೆಳಗೆ ಬಗ್ಗಿ ಏನಾದ್ರೂ ಸೋರ್ತಿದ್ಯಾ ನೋಡಿ, ಟೈರ್ ಪ್ರೆಶರ್ ಬರ್ಕೊಳ್ಳಿ. ವೀಲ್ ಬೋಲ್ಟ್‌ಗಳನ್ನ ಮಾತ್ರ ಆಗಲೇ ಬಿಗಿಯೋಕೆ ಹೋಗ್ಬೇಡಿ, ಪೂರ್ತಿ ತಣ್ಣಗಾಗ್ಲಿ, ಆಮೇಲೆ ಟಾರ್ಕ್ ರೆಂಚ್ ಹಿಡ್ಕೊಂಡು ಒಂದೊಂದಕ್ಕೂ ಕಟ್ ಅನ್ನೋ ಶಬ್ದ ಬರೋವರೆಗೆ.